ಎಡಗಡೆಯ ಸ್ಪ್ರಿಂಗು

ಇವತ್ತು ಬೆಳಿಗ್ಗೆ ಹಳೇ ಕಬ್ಬಿಣದವನು ಬಂದಿದ್ದ. ಈಗಿನವರು ಗಂಟಲು ನೋಯಿಸಿಕೊಳ್ಳುವುದಿಲ್ಲ. ಒಂದೇ ಕೂಗನ್ನು ರೆಕಾರ್ಡ್ ಮಾಡಿ, ತಳ್ಳುಗಾಡಿಗೆ ಮೈಕು ಕಟ್ಟಿಕೊಂಡು ಬಸವೇಶ್ವರನಗರದ ಅಡ್ಡರಸ್ತೆಗಳಲ್ಲೆಲ್ಲ ಸುತ್ತುತ್ತಾರೆ. "ಮನೇಲಿರೋ ಹಳೇ ಕಬ್ಬಿಣ ಎಲ್ಲಾ ಕೊಟ್ಬಿಡಮ್ಮ, ಕಾಲಿಗೆ ಸಿಕ್ತಾ ಇದೆ" ಎಂದು ಮಗ ಮಂಜು ಆಫೀಸಿಗೆ ಹೋಗುವಾಗ ಹೇಳಿದ್ದ. ಅದಕ್ಕೇ ಕರೆದೆ.

ಮೆಟ್ಟಿಲ ಕೆಳಗೆ ಅಕ್ಕಿ ಮೂಟೆ ತೂಗುವ ದೊಡ್ಡ ತಕ್ಕಡಿಯೊಂದು ಧೂಳು ಹಿಡಿದು ನಿಂತಿತ್ತು. ಹಲಗೆಯ ಮೇಲೆ ಮೂಟೆ ಇಟ್ಟರೆ ಮೇಲೆ ಮುಳ್ಳು ತಿರುಗುತ್ತದಲ್ಲ, ಅಂಥದ್ದು. ಅದನ್ನು ತೋರಿಸಿದೆ. ಅವನ ಕಣ್ಣು ಅಷ್ಟಕ್ಕೇ ನಿಲ್ಲಲಿಲ್ಲ. ತಾರಸಿಗೂ ಹತ್ತಿದ. ಅಲ್ಲಿ ಎರಡು ಹೂಕುಂಡಗಳಿಗೆ ಸಿಂಬಿಯ ಹಾಗೆ ಎರಡು ಸ್ಪ್ರಿಂಗು ಇಟ್ಟಿದ್ದೇನೆ. ಒಂದರ ಮೇಲೆ ತುಳಸಿ, ಇನ್ನೊಂದರ ಮೇಲೆ ದೊಡ್ಡಪತ್ರೆ. ದೊಡ್ಡಪತ್ರೆಯ ಕುಂಡ ತುಳಸಿಗಿಂತ ಒಂದೂವರೆ ಬೆರಳು ತಗ್ಗು.

"ಕಾರಿನ ಸ್ಪ್ರಿಂಗಲ್ವಾ ಅಮ್ಮಾ? ಇದೊಂದು ಕುಳ್ಳಗೈತಲ್ಲ. ಒಳಗೆ ಅದೇನೋ ರಬ್ಬರ್ ಬೇರೆ ಸಿಕ್ಕಾಕೊಂಡೈತೆ, ಕಿತ್ತಾಕ್ಲಾ?"

"ಅದಕ್ಕೆ ಕೈ ಹಾಕಿದ್ರೆ ಕೈ ಮುರೀತೀನಿ" ಎಂದೆ.

ಪಾಪ, ಬೆಚ್ಚಿಬಿದ್ದ. ಅವನಿಗೆ ಕಾರಣ ಹೇಳುತ್ತಾ ಕೂರಲು ಆಗಲಿಲ್ಲ, ಅವನ ಗಾಡಿ ನಡುರಸ್ತೆಯಲ್ಲಿ ಕೂಗುತ್ತಾ ನಿಂತಿತ್ತು. ನೀವು ಹೇಗೂ ಪುರಸೊತ್ತಾಗಿದ್ದೀರಿ, ನಿಮಗೆ ಹೇಳುತ್ತೇನೆ.

ನಮ್ಮ ಯಜಮಾನರದ್ದು ವಿಜಯನಗರದಲ್ಲಿ ದಿನಸಿ ಅಂಗಡಿ. ತೂಕದ ವಿಷಯದಲ್ಲಿ ಅವರಂಥ ಮನುಷ್ಯನನ್ನು ನಾನು ನೋಡಿಲ್ಲ. ಎಣ್ಣೆಗೆ ಯಾರಾದರೂ ಮನೆಯಿಂದ ಡಬ್ಬಿ ತಂದರೆ ಮೊದಲು ಖಾಲಿ ಡಬ್ಬಿಯನ್ನು ಸಣ್ಣ ತಕ್ಕಡಿಯ ಒಂದು ತಟ್ಟೆಯಲ್ಲಿಡುವರು. ಇನ್ನೊಂದು ತಟ್ಟೆಗೆ ಕಲ್ಲಿನ ಚೂರೋ, ಹುಣಸೆಬೀಜವೋ, ಏನಾದರೂ ಹಾಕಿ ಮುಳ್ಳನ್ನು ನಟ್ಟನಡುವೆ ನಿಲ್ಲಿಸುವರು. ಎಣ್ಣೆ ಸುರಿಯುವುದು ಆಮೇಲೆ. ಹಿಂದೆ ನಿಂತವರು ಬೈದುಕೊಂಡರೂ ಅಲ್ಲಾಡುತ್ತಿರಲಿಲ್ಲ. ಅಂಗಡಿಗೆ ಬಂದ ಹೆಂಗಸರು, ಮಕ್ಕಳು, ಪೋಸ್ಟಿನವನು ಎಲ್ಲರೂ ಆ ದೊಡ್ಡ ತಕ್ಕಡಿ ಹತ್ತಿ ತಮ್ಮ ತಮ್ಮ ತೂಕ ನೋಡಿಕೊಂಡವರೇ. ನಾನೊಬ್ಬಳೇ ಹತ್ತಿದವಳಲ್ಲ. ಅವರೂ ಹತ್ತು ಎಂದವರಲ್ಲ. ನಾನು ಸಣ್ಣ ಮೈಯ ಹೆಂಗಸಲ್ಲ, ಎಂದೂ ಆಗಿರಲಿಲ್ಲ. ಮುಚ್ಚಿಟ್ಟುಕೊಳ್ಳುವುದು ಏನಿದೆ, ಮುಚ್ಚಿಟ್ಟರೂ ಮುಚ್ಚುವುದಿಲ್ಲ.

ಅಂಗಡಿ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ ಒಂದು ಸಣ್ಣ ಬಿಳಿ ಕಾರು ತಂದರು. ಅವರು ಸ್ಟೇರಿಂಗಿಗೆ, ನಾನು ಪಕ್ಕದ ಎಡಗಡೆ ಸೀಟಿಗೆ. ಹತ್ತಿರ ಹತ್ತಿರ ಇಪ್ಪತ್ತು ವರ್ಷ ಇದೇ ವ್ಯವಸ್ಥೆ. ಕೆಲವು ವರ್ಷ ಕಳೆದ ಮೇಲೆ ಒಂದು ವಿಷಯ ಗಮನಿಸಿದೆ. ಕಾರು ಸುಮ್ಮನೆ ಎಡಕ್ಕೆ ಎಡಕ್ಕೆ ಹೋಗುತ್ತದೆ, ಅವರು ಬಲಕ್ಕೆ ಬಲಕ್ಕೆ ಎಳೆಯುತ್ತಾರೆ.

"ಇದ್ಯಾಕ್ರೀ ಹೀಗೆ?" ಎಂದು ಕೇಳಿದೆ.

"ರಸ್ತೆ ವಾಟ ಕಣೇ. ಮಳೆ ನೀರು ಹರಿದು ಹೋಗ್ಲಿ ಅಂತ ರಸ್ತೆನ ಎಡಕ್ಕೆ ಇಳಿಜಾರು ಮಾಡಿರ್ತಾರೆ."

ಬೆಂಗಳೂರಿನಲ್ಲಿ ಮಳೆ ನೀರು ಸರಿಯಾಗಿ ಹರಿದು ಹೋದದ್ದನ್ನು ನಾನು ಕಂಡಿಲ್ಲ. ಆದರೂ ನಂಬಿದೆ. ನಾಲ್ಕನೇ ಕ್ಲಾಸು ಓದಿದವಳು, ರಸ್ತೆ ಹಾಕುವವರಿಗಿಂತ ಹೆಚ್ಚು ತಿಳಿದವಳೇ?

ಅವರು ಹೋದ ಮೇಲೆ ಕಾರು ಮೊಮ್ಮಗಳು ಚೈತ್ರಳ ಕೈಗೆ ಬಂತು. ಮಂಜುವಿನ ಮಗಳು. ಅವಳಿಗೆ ಕಾರಿನ ಹುಚ್ಚು, ನನಗೆ ತಿರುಗುವ ಹುಚ್ಚು. ಇಬ್ಬರಿಗೂ ಸರಿಹೋಯಿತು. ಕೆಂಗೇರಿಯಲ್ಲಿ ನನ್ನ ತಂಗಿ ಗೌರಿ ಇದ್ದಾಳೆ. ಹದಿನೈದು ದಿನಕ್ಕೊಮ್ಮೆ ಅವಳ ಮನೆಗೆ ಹೋಗಿ ಜಗಳವಾಡಿ ಬರದಿದ್ದರೆ ನನಗೆ ತಿಂದದ್ದು ಕರಗುವುದಿಲ್ಲ. ಆದರೆ ಕಾರಿಗೆ ವಯಸ್ಸಾಗಿತ್ತು. ಒಂದೊಂದು ಹಳ್ಳಕ್ಕೂ ಎಡಗಡೆಯಿಂದ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ ನನ್ನ ನಡುವಿಗೆ ಏಟು ಬೀಳುತ್ತಿತ್ತು. ಮನೆಗೆ ಬಂದು ನಡು ಹಿಡಿದುಕೊಂಡು ಎರಡು ದಿನ ನರಳುತ್ತಿದ್ದೆ. ಎರಡನೇ ದಿನದ ನರಳಾಟ ಸ್ವಲ್ಪ ಜಾಸ್ತಿಯೇ ಇತ್ತು ಅನ್ನಿ, ಸೊಸೆ ಬಿಸಿನೀರಿನ ಚೀಲ ತಂದುಕೊಡುತ್ತಿದ್ದಳು.

ಆ ನರಳಾಟವೇ ನನಗೆ ಮುಳುವಾಯಿತು. ಮಂಜು ತೀರ್ಮಾನ ಮಾಡಿಬಿಟ್ಟ.

"ಈ ಡಬ್ಬಾನ ಗುಜರಿಗೆ ಹಾಕ್ತೀನಿ. ಎತ್ತರದ ಹೊಸ ಗಾಡಿ ತರ್ತೀನಿ."

"ಅದನ್ನ ನಾನು ಓಡಿಸ್ಬಹುದಾ ಅಪ್ಪಾ?" ಎಂದಳು ಚೈತ್ರ.

"ಹೊಸ ಗಾಡಿನ? ನಿನ್ ಕೈಗಾ? ನಾನೇ ಓಡಿಸ್ತೀನಿ."

ಮಂಜುವಿಗೆ ಯಾವಾಗ ಪುರಸೊತ್ತು? ದೀಪಾವಳಿಗೆ ಒಂದು ದಿನ, ಯುಗಾದಿಗೆ ಅರ್ಧ ದಿನ. ಅಂದರೆ ನಾನು ಗೌರಿಯ ಹತ್ತಿರ ಜಗಳವಾಡುವುದು ವರ್ಷಕ್ಕೆ ಒಂದೂವರೆ ಸಲ. ಅದೂ ಅಲ್ಲದೆ ಎತ್ತರದ ಗಾಡಿಗೆ ನನ್ನ ಮಂಡಿ ಹತ್ತುವುದಿಲ್ಲ. ಈ ಸಣ್ಣ ಕಾರಿನ ಸೀಟು ಸರಿಯಾಗಿ ನನ್ನ ಸೊಂಟದ ಮಟ್ಟಕ್ಕೆ ಇದೆ. ಬೆನ್ನು ತಿರುಗಿಸಿ ಕೂತು, ಕಾಲು ಒಳಗೆ ಎಳೆದುಕೊಂಡರೆ ಮುಗಿಯಿತು. ಈ ವಯಸ್ಸಿನಲ್ಲಿ ಸೊಂಟದ ಮಟ್ಟಕ್ಕೆ ಸಿಗುವ ವಸ್ತು ಎಷ್ಟಿವೆ ಹೇಳಿ.

ಅಜ್ಜಿ ಮೊಮ್ಮಗಳು ಸೇರಿ ಗಲಾಟೆ ಮಾಡಿದೆವು. ಕೊನೆಗೆ ಮಂಜು ಒಂದು ಮಾತಿಗೆ ಬಂದ. "ಆಯ್ತು, ಸಸ್ಪೆನ್ಷನ್ ಮಾಡ್ಸಿ, ಆ ಸ್ಪ್ರಿಂಗು ಗಿಂಗು ಎಲ್ಲಾ. ಮುಂದಿನ ತಿಂಗಳ ಮೊದಲ್ನೇ ಭಾನುವಾರ ನಾನೂ ಕೂತು ಕೆಂಗೇರಿಗೆ ಬರ್ತೀನಿ. ಅಮ್ಮ ಒಂದ್ಸಲ 'ಅಯ್ಯೋ' ಅಂದ್ರೆ ಸೋಮವಾರ ಗುಜರಿ."

ಚೈತ್ರ ಆಗಲೇ ಒಂದು ಯೋಚನೆ ಇಟ್ಟುಕೊಂಡಿದ್ದಳು. ಮೊಬೈಲಿನಲ್ಲಿ ಕೆಂಪು ಸ್ಪ್ರಿಂಗು ತೋರಿಸಿದಳು. ಅದನ್ನು ಹಾಕಿಸಿದರೆ ಕಾರು ನೆಲಕ್ಕೆ ಹತ್ತಿರವಾಗುತ್ತದಂತೆ, ತಿರುವಿನಲ್ಲಿ ಅಂಟಿಕೊಂಡು ಹೋಗುತ್ತದಂತೆ.

"ಸೆಂಟರ್ ಆಫ್ ಗ್ರಾವಿಟಿ ಕೆಳಗೆ ಬರುತ್ತೆ ಅಜ್ಜಿ."

"ನಂದು ಆಗ್ಲೇ ಕೆಳಗೇ ಇದೆ ಕಣೇ."

"ನೀನು ಒಂದ್ಸಲ ಕೂತು ನೋಡು, ಆಮೇಲೆ ಮಾತಾಡು."

ಅವಳ ಗೆಳೆಯನೊಬ್ಬ ಮಲ್ಲತ್ತಹಳ್ಳಿಯವನು. ಅವನ ಕಾರಿಗೆ ಅಂಥದ್ದೇ ಹಾಕಿಸಿದ್ದ. ಒಂದು ಸಂಜೆ ಮನೆ ಮುಂದೆ ತಂದು ನಿಲ್ಲಿಸಿದ. ಕಾರು ನಿಂತಿತ್ತೋ ಮಲಗಿತ್ತೋ ನನಗೆ ತಿಳಿಯಲಿಲ್ಲ. ಬಾಗಿಲು ತೆಗೆದು ಬೆನ್ನು ತಿರುಗಿಸಿ ಕೂರಲು ಹೋದೆ. ಹೋದೆ, ಹೋದೆ, ಇನ್ನೂ ಹೋದೆ, ಸೀಟು ಬರಲೇ ಇಲ್ಲ. ಕೊನೆಗೆ ಧೊಪ್ಪೆಂದು ಬಿದ್ದೆ. ಅಲ್ಲಿಂದ ಅವನ ಮನೆಯ ಹತ್ತಿರದ ಕೆರೆಯವರೆಗೆ ಹೋದೆವು. ಹಂಪು ಸಿಕ್ಕಲ್ಲೆಲ್ಲ ಏಡಿಯ ಹಾಗೆ ಅಡ್ಡಡ್ಡ ಹತ್ತಿಸುತ್ತಿದ್ದ. ಆದರೂ ಕೆಳಗೆ ಕರ್ರೆಂದು ತೆಂಗಿನಕಾಯಿ ತುರಿದ ಸದ್ದು. ಹಿಂದಿನ ಆಟೋದವನು ತಲೆ ಹೊರಗೆ ಹಾಕಿ, "ಗುರು, ಇಳಿದು ಎತ್ಕೊಂಡೇ ಹೋಗ್ಬಿಡು!" ಎಂದ.

"ಹೆಂಗಿದೆ ಅಜ್ಜಿ? ಸ್ಟಿಫ್ ಅಲ್ವಾ?" ಎಂದು ಆ ಗೆಳೆಯ ಹೆಮ್ಮೆಯಿಂದ ಕೇಳಿದ.

"ಕಾರೂ ಹಂಗೇ ಇದೆ, ನಾನೂ ಹಂಗೇ ಆದೆ."

ಇಳಿಯುವಾಗ ಇಬ್ಬರೂ ಒಂದೊಂದು ಕೈ ಹಿಡಿದು, ಬಾವಿಯಿಂದ ಕೊಡ ಸೇದಿದ ಹಾಗೆ ನನ್ನನ್ನು ಎಳೆದರು. "ನೋಡು ಚೈತ್ರ, ಕುಕ್ಕರಗಾಲಲ್ಲಿ ಕೂರೋ ಕಕ್ಕಸ್ಸು ಬಿಟ್ಟು ಹತ್ತು ವರ್ಷ ಆಯ್ತು. ಕಾರಲ್ಲಿ ಮತ್ತೆ ಶುರು ಮಾಡಿಸ್ಬೇಡ" ಎಂದೆ. ಕೆಂಪು ಸ್ಪ್ರಿಂಗಿನ ವಿಷಯ ಅಲ್ಲಿಗೆ ಮುಗಿಯಿತು. ಹುಡುಗಿ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಅದು ನಮ್ಮ ಮನೆತನದ್ದೇ ಗುಣ, ನನ್ನ ಕಡೆಯಿಂದ ಬಂದದ್ದು.

ಉಳಿದದ್ದು ಬಾಬಣ್ಣ. ದೀಪಾಂಜಲಿ ನಗರದಲ್ಲಿ ಅವನ ಗ್ಯಾರೇಜು. ಯಜಮಾನರ ಕಾಲದಿಂದ ನಮ್ಮ ಕಾರಿಗೆ ಅವನೇ ವೈದ್ಯ. ನಾನೂ ಹೋಗಿ ಸ್ಟೂಲು ಹಾಕಿಸಿಕೊಂಡು ಕೂತೆ. ಅವನು ಬಾನೆಟ್ಟಿನ ಬಲ ಮೂಲೆಯನ್ನು ಒತ್ತಿ ಬಿಟ್ಟ. ಕಾರು ಒಂದು ಸಲ ಎದ್ದು ನಿಂತಿತು. ಎಡ ಮೂಲೆಯನ್ನು ಒತ್ತಿ ಬಿಟ್ಟ. ನಮ್ಮ ಗೌರಿ ತಲೆಯಾಡಿಸಿದ ಹಾಗೆ ಕುಣಿಯತೊಡಗಿ, ನಿಲ್ಲಿಸುವುದನ್ನೇ ಮರೆಯಿತು.

"ಶಾಕಬ್ಸರ್ ಹೋಗ್ಬಿಟ್ಟಿದೆ ಅಮ್ಮಾ. ಸ್ಪ್ರಿಂಗೂ ಕುಗ್ಗಿದೆ. ಎರಡೂ ಕಡೆ ಹೊಸದು ಹಾಕ್ಬೇಕು. ಇದೇ ಕಾರಿನ ಡೀಸಲ್ ಮಾಡಲ್ದು ಹಾಕೋಣ. ಆ ಇಂಜಿನ್ ಭಾರ ಅಂತ ಸ್ಪ್ರಿಂಗ್ ಒಂಚೂರು ಗಟ್ಟಿ ಮಾಡಿರ್ತಾರೆ."

"ಗಟ್ಟಿ ಅಂದ್ರೆ ಆ ಹುಡುಗನ ಕಾರಿನ ಥರ ಕುಟ್ಟುತ್ತೇನಪ್ಪ?"

"ಗಟ್ಟಿ ಬೇರೆ, ಒರಟು ಬೇರೆ ಅಮ್ಮಾ. ಎತ್ತರ ಎಲ್ಲೂ ಹೋಗಲ್ಲ. ನಿಮ್ಮ ಮಂಡಿಗೆ ನಾನು ಗ್ಯಾರಂಟಿ."

ಗಟ್ಟಿ ಎಂಬ ಮಾತು ಕೇಳಿ ಚೈತ್ರಳ ಮುಖ ಅರಳಿತು, ಎತ್ತರ ಹೋಗುವುದಿಲ್ಲ ಎಂಬ ಮಾತಿಗೆ ನನ್ನದು. ಒಂದೇ ಸಾಮಾನಿಗೆ ಇಬ್ಬರು ಒಪ್ಪಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು.

ಬಾಬಣ್ಣ ಜಾಕು ಕೊಟ್ಟು ಚಕ್ರ ಬಿಚ್ಚಿದ. ಬಲಗಡೆ ಸ್ಪ್ರಿಂಗು ತೆಗೆದು ನೆಲದ ಮೇಲಿಟ್ಟ. ಎಡಗಡೆಯದನ್ನು ತೆಗೆದು ಅದರ ಪಕ್ಕದಲ್ಲಿಡಲು ಬಂದವನು, ಯಾಕೋ ನನ್ನ ಮುಖ ನೋಡಿ ಬೆನ್ನ ಹಿಂದೆ ಸರಿಸಿಕೊಂಡ.

"ಏನದು?"

"ಏನಿಲ್ಲ ಅಮ್ಮಾ. ಹಳೇದು."

"ಬಾಬಣ್ಣ, ಇಲ್ಲಿ ಕೊಡು ಅದನ್ನ."

ಬಲಗಡೆಯದಕ್ಕಿಂತ ಒಂದೂವರೆ ಬೆರಳು ಕುಳ್ಳು. ಅದರ ಎರಡು ಸುತ್ತುಗಳ ನಡುವೆ ಅಂಗೈಯಗಲ ಕಪ್ಪು ರಬ್ಬರು ತುರುಕಿತ್ತು. ಒಣಗಿ ಬಿರುಕುಬಿಟ್ಟು ಕಲ್ಲಾಗಿತ್ತು. ಬಲಗಡೆಯದರಲ್ಲಿ ಇರಲಿಲ್ಲ. ನಾನು ಎರಡನ್ನೂ ನೋಡಿದೆ. ಬಾಬಣ್ಣ ಸ್ಪಾನರನ್ನು ನೋಡಿದ. ಚೈತ್ರ ಕಾರಿನ ಎಡಗಡೆ ಸೀಟು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಆಮೇಲೆ ಬಾಯಿಗೆ ದುಪ್ಪಟ್ಟ ತುರುಕಿಕೊಂಡಳು.

"ನಗ್ಬೇಡ ಮುಂಡೇದೇ. ಬಾಬಣ್ಣ, ಹೇಳು."

"ಯಜಮಾನ್ರು ಹಾಕ್ಸಿದ್ದು ಅಮ್ಮಾ. ಕಾರು ಎಡಕ್ಕೆ ವಾಲ್ತಿದೆ, ಏನಾದ್ರೂ ಮಾಡು ಅಂದ್ರು. ಎರಡೂ ಸ್ಪ್ರಿಂಗ್ ಬದಲಾಯ್ಸೋಣ ಸಾರ್ ಅಂದೆ. ಅದಕ್ಕೆ ಗಾಡಿ ಎರಡು ದಿನ ಇಲ್ಲಿ ಬಿಡ್ಬೇಕು. ಬಿಟ್ರೆ ಯಾಕೆ ಏನು ಅಂತ ನಮ್ಮವಳು ಕೇಳ್ತಾಳೆ, ಬೇಡ ಅಂದ್ರು. ಅವರೇ ಕೂತು, ರಬ್ಬರ್ ಅಳತೆ ನೋಡಿ ಹಾಕ್ಸಿದ್ರು. ಅಮ್ಮನಿಗೆ ಹೇಳ್ಬೇಡ ಅಂತ ಆಣೆ ಬೇರೆ."

ಹುಣಸೆಬೀಜ ಹಾಕಿ ಮುಳ್ಳು ನಿಲ್ಲಿಸುವ ಮನುಷ್ಯ. ನನ್ನ ಕಡೆಗೆ ಒಂದು ತುಂಡು ರಬ್ಬರು ಇಟ್ಟು ಕಾರಿನ ಮುಳ್ಳನ್ನೂ ನಡುವೆ ನಿಲ್ಲಿಸಲು ನೋಡಿದ್ದಾರೆ. ಅದು ಪೂರ್ತಿ ನಿಲ್ಲದೆ ಹೋದಾಗ ಉಳಿದ ತಪ್ಪನ್ನು ರಸ್ತೆಯ ಮೇಲೆ ಹಾಕಿದ್ದಾರೆ.

ನನಗೆ ಕಣ್ಣೀರು ಬಂತು ಎಂದುಕೊಂಡಿರಾ? ಕೋಪ ಬಂತು. ನೀನು ದಪ್ಪ, ಕಾರು ವಾಲುತ್ತಿದೆ ಎಂದು ಹೇಳಿದ್ದರೆ ಏನಾಗುತ್ತಿತ್ತು? ಎರಡು ದಿನ ಮಾತು ಬಿಡುತ್ತಿದ್ದೆ, ಅಷ್ಟೇ ತಾನೇ? ಸರಿ, ವಾರ ಇಟ್ಟುಕೊಳ್ಳಿ. ಹದಿನೈದು ದಿನಕ್ಕಿಂತ ಮೇಲಂತೂ ಇಲ್ಲ.

ಅಷ್ಟರಲ್ಲಿ ಬಾಬಣ್ಣ ಇನ್ನೊಂದು ಮಾತು ಸೇರಿಸಿದ. "ರಬ್ಬರ್ ಒಣಗಿ ಕಲ್ಲಾಗಿದೆ ನೋಡಿ. ನಿಮ್ಮ ನಡುವಿಗೆ ಕುಟ್ತಾ ಇದ್ದಿದ್ದು ಇದೇ."

ಆಗ ಮಾತ್ರ ನನಗೆ ನಗು ತಡೆಯಲಾಗಲಿಲ್ಲ. ಬದುಕಿದ್ದಾಗ ಒಂದು ಬಿರುಸು ಮಾತಾಡದ ಮನುಷ್ಯ, ಹೋದ ಮೇಲೆ ಹಳ್ಳ ಹಳ್ಳಕ್ಕೂ ಬೆನ್ನಿಗೆ ಗುದ್ದುತ್ತಾ ಕೂತಿದ್ದರು. ಗ್ಯಾರೇಜಿನಲ್ಲಿ ಎಲ್ಲರೂ ಕೆಲಸ ಬಿಟ್ಟು ನೋಡುವಷ್ಟು ನಕ್ಕೆ.

ಆ ಭಾನುವಾರ ಬಂತು. ಚೈತ್ರ ಸ್ಟೇರಿಂಗಿಗೆ, ನಾನು ನನ್ನ ಸೀಟಿಗೆ. ಮಂಜು ಪರೀಕ್ಷೆ ಮಾಡುವ ಮೇಷ್ಟರ ಹಾಗೆ ಹಿಂದಿನ ಸೀಟಿನಲ್ಲಿ ಕೈಕಟ್ಟಿ ಕೂತ. ಮೊದಲ ಹಳ್ಳಕ್ಕೆ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ಅಯ್ಯೋ ಎನ್ನುವುದಕ್ಕೆ ಬಾಯಿ ಸಿಗಬಾರದಲ್ಲ. ಕಾರು ಒಂದು ಸಲ ತಗ್ಗಿ, ಎದ್ದು, ಮುಂದೆ ಹೋಯಿತು. ಎರಡನೆಯದಕ್ಕೆ ಸೆರಗು ಬಿಟ್ಟೆ. ಮೈಸೂರು ರಸ್ತೆಯಲ್ಲಿ ಮೆಟ್ರೊ ಕಂಬಗಳ ಪಕ್ಕ ಹೋಗುವಾಗ ಹಿಂದಿನಿಂದ ಏನೋ ಸದ್ದು. ಹೊಸ ಶಾಕಬ್ಸರೇ ಕೆಟ್ಟಿತೇನೋ ಎಂದುಕೊಂಡೆ. ತಿರುಗಿ ನೋಡಿದರೆ ಮಂಜು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾನೆ. ಗೌರಿಯ ಮನೆ ಮುಂದೆ ನಿಲ್ಲಿಸಿ ಎಬ್ಬಿಸಿದರೆ, "ಇನ್ನೂ ಹೊರಟಿಲ್ವಾ?" ಎಂದ.

ಗುಜರಿಯ ಮಾತು ಮತ್ತೆ ಎತ್ತಲಿಲ್ಲ.

ಅದೇ ದಾರಿಯಲ್ಲಿ ಇನ್ನೊಂದು ಆಯಿತು. ರಸ್ತೆ ಖಾಲಿ ಇದ್ದ ಕಡೆ ಚೈತ್ರ ಸ್ಟೇರಿಂಗಿನ ಮೇಲೆ ಎರಡೇ ಬೆರಳು ಇಟ್ಟು, "ನೋಡು ಅಜ್ಜಿ, ಎಳೀತಾನೇ ಇಲ್ಲ" ಎಂದಳು. ಕಾರು ನೂಲು ಹಿಡಿದ ಹಾಗೆ ನೇರ ಹೋಗುತ್ತಿತ್ತು. ರಸ್ತೆ ಅದೇ, ವಾಟ ಅದೇ, ನಾನೂ ಅವಳೇ. ಒಂದು ಗ್ರಾಂ ಕಡಿಮೆಯಾಗಿರಲಿಲ್ಲ. ನಾನು ಅವಳ ಎರಡು ಬೆರಳು ನೋಡುತ್ತಾ, ಬಲಕ್ಕೆ ಎಳೆದು ಎಳೆದು ಸಂಜೆ ಹೊತ್ತಿಗೆ ತೋಳು ಉಜ್ಜಿಕೊಳ್ಳುತ್ತಿದ್ದ ಒಬ್ಬರನ್ನು ನೆನೆಸಿಕೊಂಡೆ. "ಮೂಟೆ ಎತ್ತಿದ್ದು" ಎನ್ನುತ್ತಿದ್ದರು. ಅದೂ ಸುಳ್ಳಲ್ಲ ಬಿಡಿ.

ಹಾಗಾಗಿ ಕಬ್ಬಿಣದವನಿಗೆ ಸ್ಪ್ರಿಂಗು ಕೊಡಲಿಲ್ಲ. ಆ ತಗ್ಗು ಕುಂಡದ ಕೆಳಗೆ ಒಂದು ಹೆಂಚಿನ ಚೂರು ಇಟ್ಟು ಸಮ ಮಾಡು ಎಂದು ಸೊಸೆ ಹೇಳುತ್ತಲೇ ಇರುತ್ತಾಳೆ. ನಾನು ಇಡುವುದಿಲ್ಲ. ದೊಡ್ಡಪತ್ರೆ ಅಲ್ಲಿ ಚೆನ್ನಾಗಿಯೇ ಬೆಳೆದಿದೆ.

ತಕ್ಕಡಿ ಕೊಟ್ಟೆ. ಅವನು ಧೂಳು ಒರೆಸಿ, ಅಂಗಳದಲ್ಲಿಟ್ಟು, ಕೈಯಿಂದ ಹಲಗೆ ಒತ್ತಿ ನೋಡಿದ. "ಇನ್ನೂ ಕರೆಕ್ಟಾಗೈತಮ್ಮಾ!" ಎಂದ. ಕರೆಕ್ಟಾಗಿರದೆ ಏನು, ಯಾರದ್ದು ಅದು?

"ಒಂದು ನಿಮಿಷ ನಿಲ್ಲು" ಎಂದೆ. ಚಪ್ಪಲಿ ಬಿಟ್ಟು, ಕಾಂಪೌಂಡ್ ಗೋಡೆ ಹಿಡಿದುಕೊಂಡು ಹಲಗೆಯ ಮೇಲೆ ಹತ್ತಿದೆ. ಆಮೇಲೆ ಗೋಡೆಯನ್ನೂ ಬಿಟ್ಟೆ. ಮುಳ್ಳು ತಿರುಗಿತು, ತಿರುಗಿತು, ನಿಂತಿತು. ಕಬ್ಬಿಣದವನು ಕತ್ತು ಉದ್ದ ಮಾಡಿ ಬಗ್ಗಿ ನೋಡಲು ಬಂದ.

"ಆ ಕಡೆ ತಿರುಗೋ" ಎಂದೆ.

ಎಷ್ಟು ಬಂತು ಎಂದು ನೀವೂ ಕೇಳಬೇಡಿ. ಪಕ್ಕದಲ್ಲಿ ಕೂತು ಇಪ್ಪತ್ತು ವರ್ಷ ಎಳೆದವರೇ ಕೇಳಲಿಲ್ಲ.