ತೌಡು ಬಳಿದುಕೊಂಡ ರಾಜಕುಮಾರಿ

ಕಥೆ ಕೇಳಿ ಮಕ್ಕಳು ಕೆಡುವುದಿಲ್ಲ ಎಂದು ಬಳ್ಳಾರಿಯ ಕಾಲೇಜಿನಲ್ಲಿ ವಾದಿಸಿ ಗೆದ್ದ ವಾರವೇ ಸಿರುಗುಪ್ಪದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕಿ ಗಿರಣಿಯಲ್ಲಿ ದುಡಿಯುವ ಭಾವ ದಿನಾ ಮೈಗೆಲ್ಲ ತೌಡಿನ ಧೂಳು ಕೂತು ಬೆಳ್ಳಗಾಗಿ ಬರುತ್ತಾರೆ. ಅವತ್ತು ಅವರಿಗೆ ಬುತ್ತಿ ಕೊಡಲು ಅಕ್ಕನ ಆರು ವರ್ಷದ ಮಗಳನ್ನೂ ಕರೆದುಕೊಂಡು ಹೋದೆ. ಭಾವನ ಜೊತೆ ಮಾತಾಡಿ ತಿರುಗಿದರೆ, ಹುಡುಗಿ ತೌಡಿನ ರಾಶಿಯಲ್ಲಿ ಕೂತು ಮುಖಕ್ಕೆ, ತೋಳಿಗೆ ತೌಡು ತಿಕ್ಕಿಕೊಳ್ಳುತ್ತಿದ್ದಾಳೆ! ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿದೆ, ಕೆಮ್ಮುತ್ತಿದ್ದಾಳೆ, ಆದರೂ ನಿಲ್ಲಿಸುತ್ತಿಲ್ಲ.

"ಏನ್ಲೇ ಇದು? ಹುಚ್ಚು ಹಿಡದೈತೇನು?"

"ಸಾಲ್ಯಾಗ ನಾ ರಾಜಕುಮಾರಿ ಪಾರ್ಟು ಮಾಡಬೇಕು ಚಿಗವ್ವ. ಕರ್ರಗಿದ್ರ ದಾಸಿ ಮಾಡ್ತಾರ."

"ಯಾರು ಹೇಳಿದ್ರು ನಿನಗ?"

"ನೀನ ಹೇಳೀದಿ! ರಾಜಕುಮಾರಿ ಹಾಲಿನಂಗ ಬೆಳ್ಳಗ ಇದ್ಲು, ದಾಸಿ ಕರ್ರಗ ಇದ್ಲು ಅಂತ."

ಹೌದು, ನನ್ನದೇ ಕಥೆ, ನನ್ನದೇ ಮಾತು. ನಲ್ಲಿಯ ಕೆಳಗೆ ಅವಳ ಮುಖ ತೊಳೆಯುತ್ತ ತಿದ್ದಲು ಹೋದೆ: "ನಾ ತಪ್ಪು ಹೇಳೀನಿ. ನಿನ್ನಂಗ ಕರ್ರಗಿನ ರಾಜಕುಮಾರೀನೂ ಒಬ್ಬಾಕಿ ಇದ್ಲು."

ಅವಳು ಒದ್ದೆ ರೆಪ್ಪೆ ಎತ್ತಿದಳು. "ಹಂಗಿದ್ರ ಆಕಿ ಕಥಿ ಯಾಕ ಹೇಳಲಿಲ್ಲ?"

ಮತ್ತೆ ಬೊಗಸೆಗೆ ನೀರು ಹಿಡಿದೆ. ಹಣೆಯ ಮೇಲೆ ಇನ್ನೂ ತೌಡು ಉಳಿದಿತ್ತು. ಅದನ್ನು ಮುಟ್ಟಲು ಅವಳು ಬಿಡಲಿಲ್ಲ.