ಇಂಜೆಕ್ಟರಿಗೆ ಮನೆಮದ್ದು

ಮನುಷ್ಯನಿಗೆ ಕೆಮ್ಮು ಬಂದರೆ ಮನೆಯವರು ಕಷಾಯ ಹೇಳುತ್ತಾರೆ. ಡೀಸೆಲ್ ಕಾರಿಗೆ ಕೆಮ್ಮು ಬಂದರೆ ಬೀದಿಯ ಗಂಡಸರೆಲ್ಲ ಹೇಳುತ್ತಾರೆ. ಅವರಲ್ಲಿ ಅತಿ ಅಪಾಯಕಾರಿ ವೈದ್ಯ ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವನು ನಾನು.

ಮಲ್ಲೇಶ್ವರದ ನಮ್ಮ ಮನೆಯ ಕಾರು ಬೆಳಗ್ಗೆ ಬೆಳಗ್ಗೆ ನಡುಗಿ ಕರಿ ಹೊಗೆ ಬಿಡತೊಡಗಿತು. ಇಂಜಿನ್ನಿಗೆ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸುವ ಇಂಜೆಕ್ಟರಿನ ಸಣ್ಣ ತೂತುಗಳಲ್ಲಿ ಮಸಿ ಕಟ್ಟಿದೆಯೆಂದು ನಾನೇ ಕಂಡುಹಿಡಿದೆ. ಅಷ್ಟು ಸರಿಯಾಗಿತ್ತು. ಸರಿಯಾದದ್ದೇ ಎಡವಟ್ಟಾಯಿತು, ಧೈರ್ಯ ಬಂದುಬಿಟ್ಟಿತು.

"ಚಾಮರಾಜಪೇಟೇಲಿ ಇಂಜೆಕ್ಟರ್ ಬಿಚ್ಚಿ ತೊಳೆಯೋ ಅಂಗಡಿ ಇದೆಯಂತೆ, ಕೊಟ್ಬನ್ನಿ" ಎಂದಳು ಹೆಂಡತಿ ವಿಮಲಾ. ಶನಿವಾರ ಸಂಜೆ ತ್ಯಾಗರಾಜನಗರದಲ್ಲಿ ಅವಳ ವೀಣೆ ಕಛೇರಿಯಿತ್ತು. ಮಕ್ಕಳು ಹುಟ್ಟಿದ ಮೇಲೆ ಅವಳು ಜನರೆದುರು ನುಡಿಸುವುದು ಅದೇ ಮೊದಲು.

"ಬಿಚ್ಚೋದ್ಯಾಕೆ? ಮಸಿ ಕರಗಿಸಿದ್ರಾಯ್ತು" ಎಂದು ಟ್ಯಾಂಕಿಗೆ ಒಂದು ಬಾಟಲಿ ಕ್ಲೀನರ್ ಸುರಿದೆ. ಒಂದು ಟ್ಯಾಂಕ್ ಡೀಸೆಲ್ ಪೂರ್ತಿ ಓಡಿಸಿ ನೋಡಿ ಎಂದು ಅದರ ಮೇಲೆ ಬರೆದಿತ್ತು. ಅಷ್ಟು ತಾಳ್ಮೆ ಯಾರಿಗಿದೆ? ಮರುದಿನ ಇನ್ನೊಂದು ಬಾಟಲಿ. ಆಮೇಲೆ ವಾಟ್ಸಾಪಿನಲ್ಲಿ ಬಂದ ವಿಡಿಯೊ ನಂಬಿ ಎರಡು ಲೀಟರ್ ಸೀಮೆಎಣ್ಣೆ. ನನ್ನ ವಿದ್ಯಾರ್ಥಿ ಹೀಗೆ ಪ್ರಯೋಗ ಮಾಡಿದ್ದರೆ ಲ್ಯಾಬಿನಿಂದ ಹೊರಗೆ ಅಟ್ಟುತ್ತಿದ್ದೆ.

ಶನಿವಾರ ಕಾರು ಸಂಪಿಗೆ ರಸ್ತೆಯವರೆಗೆ ಬಂದು ನಿಂತೇಬಿಟ್ಟಿತು. ವಿಮಲಾ ವೀಣೆ ಇಳಿಸಿಕೊಂಡು ಆಟೊ ಕರೆದಳು. ಅದರಲ್ಲಿ ವೀಣೆಗೆ ಜಾಗವಾದ ಮೇಲೆ ನನಗೆ ಜಾಗವಿರಲಿಲ್ಲ. ಇದ್ದಿದ್ದರೂ ಕರೆಯುತ್ತಿದ್ದಳೆಂಬ ಭರವಸೆ ಇಲ್ಲ.

ಕಾರನ್ನು ಎಳೆಸಿಕೊಂಡು ಚಾಮರಾಜಪೇಟೆಗೆ ಹೋದೆ. ಅಂಗಡಿ ನಡೆಸುವವರು ಗಿರಿಜಮ್ಮ ಎಂಬಾಕೆ.

"ಏನೇನ್ ಹಾಕಿದ್ರಿ ಸಾರ್?"

"ಸ್ವಲ್ಪ ಕ್ಲೀನರ್."

ಆಕೆ ಡೀಸೆಲ್ಲನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದರು. "ಸೀಮೆಎಣ್ಣೆ ವಿಷ್ಯ ನೀವು ಹೇಳ್ತೀರೋ, ನಾನೇ ಹೇಳ್ಲೋ?"

ಹೇಳಿದೆ.

"ಇಂಜೆಕ್ಟರಿಗೆ ಡೀಸೆಲ್ ತಳ್ಳೋ ಪಂಪನ್ನ ಕಾಯೋದು ಅದರಲ್ಲಿರೋ ಜಿಡ್ಡೇ ಸಾರ್. ಅದನ್ನ ತೆಳ್ಳಗೆ ಮಾಡಿದ್ರೆ ಪಂಪೇ ಸವೆದುಹೋಗತ್ತೆ."

ಟ್ಯಾಂಕ್ ಖಾಲಿ ಮಾಡಿಸಿದರು. ನಾಲ್ಕೂ ಇಂಜೆಕ್ಟರ್ ಬಿಚ್ಚಿ, ದ್ರಾವಣದ ತೊಟ್ಟಿಯಲ್ಲಿಟ್ಟು, ಕಿವಿಗೆ ಕೇಳಿಸದ ಶಬ್ದದ ಅಲೆಗಳಿಂದ ಮಸಿ ಉದುರಿಸಿದರು. ಪರೀಕ್ಷೆಯ ಯಂತ್ರಕ್ಕೆ ಕೂರಿಸಿದಾಗ ಮೂರು ಇಂಜೆಕ್ಟರುಗಳು ಸರಿಯಾಗಿ ಮಂಜು ಚೆಲ್ಲಿದವು. ನಾಲ್ಕನೆಯದು ಕೆಟ್ಟ ನಲ್ಲಿಯಂತೆ ತೊಟ್ಟಿಕ್ಕಿತು.

"ಇದು ತೊಳೆದ್ರೆ ಹೋಗೋ ಕಾಯಿಲೆ ಅಲ್ಲ. ತುದಿ ಸವೆದಿದೆ, ಬದಲಾಯಿಸ್ಬೇಕು" ಎಂದರು. ಯಾವ ಬಾಟಲಿಯ ಮೇಲೂ ಹೀಗೆ ಬರೆದಿರಲಿಲ್ಲ.

ನಾನು ಮನೆ ಸೇರುವಾಗ ವಿಮಲಾ ಆಗಲೇ ಬಂದಿದ್ದಳು. "ಚೆನ್ನಾಗಾಯ್ತು" ಎಂದಳು, ಅಷ್ಟೆ. ಅವಳ ಮುಖ ನೋಡಿದರೆ ತುಂಬಾ ಚೆನ್ನಾಗಿಯೇ ಆಗಿರಬೇಕು. ಕೇಳುವ ಭಾಗ್ಯ ಊರಿಗೆಲ್ಲ ಸಿಕ್ಕಿತು, ನನಗೆ ಸಿಗಲಿಲ್ಲ.

ಮುಂದಿನ ವಾರ ಎದುರುಮನೆಯ ರಾಯರು ಗೇಟಿನ ಬಳಿ ಬಂದು ನಿಂತರು. "ಮೇಷ್ಟ್ರೇ, ನಮ್ಮ ಗಾಡೀನೂ ಹೊಗೆ ಬಿಡ್ತಿದೆ. ಟ್ಯಾಂಕಿಗೆ ಏನ್ ಹಾಕ್ಲಿ?"

ನಾಲಿಗೆಯ ತುದಿಗೆ ಉತ್ತರಗಳು ಸಾಲುಗಟ್ಟಿ ಬಂದವು. ಎಲ್ಲವನ್ನೂ ನುಂಗಿಕೊಂಡು, "ನನಗೆ ಗೊತ್ತಿಲ್ಲ ರಾಯರೇ" ಎಂದೆ.

ಅಡುಗೆಮನೆಯಿಂದ ವಿಮಲಾಳ ದನಿ ಬಂತು: "ಏನಂದ್ರಿ? ಒಂದ್ನಿಮಿಷ ತಾಳಿ, ಕುಕ್ಕರ್ ಇಳಿಸಿ ಬರ್ತೀನಿ. ಇನ್ನೊಂದ್ಸಲ ಹೇಳೋರಂತೆ!"