ಜಾವಕ ನಂಬರ್ ಇಲ್ಲದ ಪತ್ರ

ಅಜ್ಜನ ಸೈಕಲ್ಲು ನನ್ನ ನೆನಪಿನಲ್ಲಿ ಹಸಿರು. ಅತ್ತೆ, ಅಂದರೆ ಅಪ್ಪನ ಕಿರಿಯ ತಂಗಿ, ಕಪ್ಪು ಎನ್ನುತ್ತಾಳೆ. ಆದ್ದರಿಂದ ಇಲ್ಲಿ ಬರೆಯುವ ಇನ್ನೂ ಕೆಲವು ವಿವರಗಳು ತಪ್ಪಿರಬಹುದು. ಕಣ್ಣಾರೆ ಕಂಡದ್ದೆಷ್ಟು, ಆಮೇಲೆ ಕೇಳಿ ಸೇರಿಸಿಕೊಂಡದ್ದೆಷ್ಟು ಎಂದು ಬೇರ್ಪಡಿಸಲು ಈಗ ನನ್ನಿಂದಾಗದು.

ಆ ಸೈಕಲ್ಲಿನ ಮೇಲೆ ಅಜ್ಜ ದಿನಾ ರಾಜೂರದಿಂದ ಗಜೇಂದ್ರಗಡಕ್ಕೆ ಹೋಗುತ್ತಿದ್ದ. ಅಲ್ಲಿ ಒಂದು ಹಳೆಯ ರಾಜಮನೆತನದ ಹಿರಿಯರಿಗೆ ಅವನು ಖಾಸಗಿ ಕಾರ್ಯದರ್ಶಿ. ಅವರನ್ನು ನಾವೆಲ್ಲ ಧಣಿಯರು ಎನ್ನುತ್ತಿದ್ದೆವು. ರಾಜ್ಯ ಹೋಗಿ ಎಷ್ಟೋ ಕಾಲವಾಗಿದ್ದರೂ ಪತ್ರಗಳು ನಿಂತಿರಲಿಲ್ಲ. ಮದುವೆಯ ಕರೆಗೆ ಉತ್ತರ, ಸಾವಿನ ಮನೆಗೆ ಸಮಾಧಾನದ ಮಾತು, ಶಾಲೆಯ ಬಹುಮಾನ ಸಮಾರಂಭಕ್ಕೆ ಬರಲಾಗದ್ದಕ್ಕೆ ವಿಷಾದ. ಧಣಿಯರು "ಭಾಳ ಕೆಟ್ಟನಿಸ್ತು ಅಂತ ಬರೀರಿ" ಎಂದಷ್ಟೇ ಹೇಳುತ್ತಿದ್ದರಂತೆ. ಅಜ್ಜ ಅದನ್ನು ಒಂದು ಪುಟ ಮಾಡುತ್ತಿದ್ದ.

ಅವರ ಪರವಾಗಿ "ನಾವು" ಎಂದು ಬರೆದೂ ಬರೆದೂ ಮನೆಯಲ್ಲೂ ಅದೇ ಬಾಯಿಗೆ ಬರುತ್ತಿತ್ತು.

"ನಮಗ ಒಂದೀಟ ಚಾ ಬೇಕಾಗೇತಿ."

"ಯಾರಿಗ್ರಿ, ನಿಮಗೋ ಧಣ್ಯಾರಿಗೋ?" ಅಜ್ಜಿ ಒಳಗಿನಿಂದಲೇ ಕೇಳುತ್ತಿದ್ದಳು. "ಧಣ್ಯಾರಿಗಾದ್ರ ಬೆಳ್ಳಿ ಲೋಟ ತಿಕ್ಕಬೇಕು, ತಡಾ ಆಕ್ಕತಿ."

ಕಡೆಕಡೆಗೆ ಧಣಿಯರ ಕೈ ನಡುಗತೊಡಗಿತು. ಅವರ ಸಹಿಯ ರಬ್ಬರ್ ಸ್ಟ್ಯಾಂಪು ಮಾಡಿಸಿ ಅಜ್ಜನಿಗೆ ಕೊಟ್ಟರು. ಅದು ಕರವಸ್ತ್ರ ಸುತ್ತಿಕೊಂಡು ಅವನ ಕೋಟಿನ ಒಳಜೇಬಿನಲ್ಲಿ ಇರುತ್ತಿತ್ತು. ಅದಕ್ಕೆ ಅವನೇ ಮಾಡಿಕೊಂಡ ನಿಯಮವಿತ್ತು. ಪತ್ರವನ್ನು ಧಣಿಯರಿಗೆ ಪೂರ್ತಿ ಓದಿ ಹೇಳಬೇಕು, ಅವರು "ಹೂಂ" ಅನ್ನಬೇಕು, ಹೊರಹೋಗುವ ಪತ್ರಗಳ ಜಾವಕ ಪುಸ್ತಕದಲ್ಲಿ ಬರೆದು ಅದರ ನಂಬರನ್ನು ಪತ್ರದ ಮೂಲೆಗೆ ಹಾಕಬೇಕು, ಆಮೇಲೆ ಸ್ಟ್ಯಾಂಪು. ಓದಿ ಹೇಳಿದ ಮೇಲೆ ಒಂದೇ ಒಂದು ಶಬ್ದ ಬದಲಿಸಿದ್ದು ನೆನಪಾಗಿ, ರಾಜೂರದ ಅರ್ಧ ದಾರಿಯಿಂದ ಸೈಕಲ್ ತಿರುಗಿಸಿ, ಮತ್ತೆ ಓದಿ ಹೇಳಿ ಬಂದಿದ್ದನಂತೆ. ಇದನ್ನು ಹೇಳಿದವಳು ಅತ್ತೆ. ಆಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಕಷ್ಟದ ಪತ್ರಗಳನ್ನು ಅಜ್ಜ ಮೊದಲು ಅವಳ ಮುಂದೆ ಓದಿ ನೋಡುತ್ತಿದ್ದ.

ರೋಣದಲ್ಲಿ ಡಿಗ್ರಿ ಮುಗಿದಾಗ ನಾನು ಧಾರವಾಡಕ್ಕೆ ಎಂ.ಎ. ಓದಲು ಹೋಗುತ್ತೇನೆಂದೆ. ರೋಣದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಅಪ್ಪ ಬೇಡ ಎಂದ. ಅಜ್ಜ ರಾಜೂರದಿಂದ ಬಂದು ಹೇಳಿ ನೋಡಿದ.

"ನೀವು ಕಾಗದ ಬರಕೋತ ಕುಂದರ್ರಿ. ಮನಿ ವಿಚಾರ ನನಗ ಬಿಡ್ರಿ," ಎಂದ ಅಪ್ಪ.

ಅಜ್ಜ ಟೊಪ್ಪಿಗೆ ಹಾಕಿಕೊಂಡು ಎದ್ದು ಹೋದ. ಚಹಾ ಹಾಗೇ ಉಳಿದಿತ್ತು. ಅಥವಾ ಹಾಗೆಂದು ನನ್ನ ನೆನಪು.

ಎಂಟು ಹತ್ತು ದಿನದ ಮೇಲೆ ಅಂಗಡಿಗೆ ಅಂಚೆಯಲ್ಲಿ ಪತ್ರ ಬಂತು. "ತಮ್ಮ ಮಗಳು ಮುಂದೆ ಓದಬೇಕೆಂಬುದು ನಮ್ಮ ಇಚ್ಛೆ" ಎಂದು ಧಣಿಯರು ಬರೆದಿದ್ದರು. ಅಕ್ಷರ ಅಜ್ಜನದು ಎಂಬುದು ಎಲ್ಲರಿಗೂ ಗೊತ್ತಿತ್ತು. ಮಾತು ಧಣಿಯರದು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅಪ್ಪ ನಿಂತಲ್ಲೇ ಎರಡು ಸಲ ಓದಿ, ಪಕ್ಕದ ಬಳೆ ಅಂಗಡಿಯ ಚಾಚಾನಿಗೆ ತೋರಿಸಿದ.

"ಧಣ್ಯಾರ ನಿನಗ ಕಾಗದ ಬರದಾರಂದ್ರ ಸಣ್ಣ ಮಾತೇನೋ! ಲಗೂನ ಫ್ರೇಮ್ ಹಾಕ್ಸಪಾ," ಎಂದರು ಚಾಚಾ.

ಅಪ್ಪ ಫ್ರೇಮ್ ಹಾಕಿಸಿದ. ನಾನು ಧಾರವಾಡದ ಬಸ್ಸು ಹತ್ತಿದೆ.

ಹೋದ ವರ್ಷ ಅಂಗಡಿಗೆ ಬಣ್ಣ ಹೊಡೆಸುವಾಗ ಫ್ರೇಮ್ ಇಳಿಸಿ ಗಾಜು ಒರೆಸಿದೆ. ಪತ್ರದ ಮೂಲೆಯಲ್ಲಿ "ಜಾ. ನಂ." ಎಂದು ಅಜ್ಜನ ಅಕ್ಷರವಿದೆ. ಅದರ ಮುಂದೆ ಖಾಲಿ. ಕೆಳಗೆ ಸ್ಟ್ಯಾಂಪು ಮಾತ್ರ ಅಚ್ಚಾಗಿ ಮೂಡಿದೆ.

ಮರೆತಿರಬಹುದು. ಸ್ವಂತ ಮನೆಯ ವಿಷಯಕ್ಕೆ ಧಣಿಯರ ವಾಡೆಯ ಜಾವಕ ನಂಬರ್ ಬೇಡವೆಂದು ಬಿಟ್ಟಿರಬಹುದು. ಇಲ್ಲವೇ ಧಣಿಯರಿಗೆ ಓದಿ ಹೇಳಿಯೇ ಇರಲಿಲ್ಲ. ಒಂದು ಶಬ್ದಕ್ಕಾಗಿ ಸೈಕಲ್ ತಿರುಗಿಸಿದವನು ನನಗಾಗಿ ಇಡೀ ಪತ್ರವನ್ನೇ ಹುಟ್ಟಿಸಿದ್ದನೆ? ಕೊನೆಯದೇ ನಿಜವಾಗಿರಲಿ ಎಂದು ಮನಸ್ಸು ಬಯಸುತ್ತದೆ. ಅದಕ್ಕೇ ಅದನ್ನು ನಂಬಲು ಹೆದರುತ್ತೇನೆ. ಅಜ್ಜನೂ ಧಣಿಯರೂ ಈಗಿಲ್ಲ. ಅಪ್ಪನನ್ನು ಕೇಳುವಂತಿಲ್ಲ. ಈಗಲೂ ಹೊಸ ಗಿರಾಕಿ ಬಂದರೆ ಸೀರೆಗಿಂತ ಮೊದಲು ಆ ಪತ್ರ ತೋರಿಸುತ್ತಾನೆ.

ಹೊಳೆ ಬಂದು ಮುಳುಗಿದ್ದ ಸೇತುವೆಯ ನೀರಿಳಿದು ಬಸ್ಸು ಬಿಟ್ಟ ಮೇಲೆ ಕೊಣ್ಣೂರಿಗೆ, ಅತ್ತೆಯ ಮನೆಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ನಂಬರಿನ ವಿಷಯ ಹೇಳಿದೆ.

"ನನ್ನ ಮುಂದ ಮೂರ ಸಲ ಓದಿದ್ದ," ಎಂದಳು. "ಎಂದೂ ಇಲ್ಲದ್ದು ದನಿ ನಡಗತಿತ್ತು. ನಿಮ್ಮಪ್ಪ ಅದನ್ನ ತಿರುಗಿ ಗ್ವಾಡಿಗೆ ಹಾಕಿದನೇನು?"

"ಹಾಕ್ಯಾನ."

"ಸೊಟ್ಟ ಹಾಕಿರತಾನ ನೋಡು. ಉಣ್ಣು, ಆರತೈತಿ."

ಉಂಡೆ. ಹೊರಡುವಾಗ ಅತ್ತೆ ನಾಲ್ಕು ರೊಟ್ಟಿ ಸುತ್ತಿ ನನ್ನ ಚೀಲದಲ್ಲಿ ತುರುಕುತ್ತಿದ್ದಳು. ಅವಳ ಕೈ ಹಿಡಿದು ಕೇಳಿದೆ:

"ಅತ್ತಿ, ನಿನ್ನ ಮುಂದ ಓದಿದ್ದು ಖರೇ. ಧಣ್ಯಾರ ಮುಂದ ಓದಿದ್ನೋ ಇಲ್ಲೋ?"